ಕಚ್ಚುದು ಬಿಟ್ಟತ್ತು ಹೇಳಿರೆ ಹೆದರಿಕೆ ಬಿಟ್ಟತ್ತು ಹೇಳಿ ಅಲ್ಲ

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಶುದ್ದಿ ಬರದಪ್ಪಗ ಸುಮಾರು ಜೆನ ಫೋನು ಮಾಡಿದಿ, ಕೊಶಿ ಆತು. ಈ ಸರ್ತಿಯಾಣ ಶುದ್ದಿ ಓದಿರೆ ಕೆಲವು ಜೆನಕ್ಕೆ ಪಿಸುರು ಬಕ್ಕು. ಆದರೂ ಬರೆತ್ತೆ. ಒಂದು ತಿಂಗಳಿಂದ ಮನಸ್ಸಿಲೇ ಮಡಿಕ್ಕೊಂಡಿದ್ದೆ, ಇನ್ನು ಎನ್ನಂದ ಎಡಿಯ.

ಸಂಗತಿ ಇಷ್ಟು. ಕಳುದ ತಿಂಗಳು ಮೂಡುಬಿದಿರೆಲಿ ಚಿಕ್ಕಮ್ಮನ ಮನೆಲಿ ಸತ್ಯನಾರಾಯಣ ಪೂಜೆ. ಎನಗೆ ಚಿಕ್ಕಮ್ಮಂದ್ರು ಏಳು ಜೆನ ಇದ್ದವು, ಇದು ಆರು ಹೇಳಿ ಲೆಕ್ಕ ಹಾಕಿಂಡು ಕೂರೆಡಿ. ಜೆಗಿಲಿಲಿ ಒಂದು ಸಣ್ಣ ಗೂಡು ನೇಲುಸಿತ್ತಿದ್ದವು. ಒಳ ಒಂದು ಗಿಳಿಮರಿ. ಬೀಲ ಇನ್ನೂ ಪೂರ್ತಿ ಬೈಂದಿಲ್ಲೆ. ಹಿಂದಾಣ ಮೂಲೆಲಿ ಸರಳಿಂಗೆ ಎದೆ ಒತ್ತಿಂಡು, ಬಾಯಿ ಒಡದು ಉಸುಲು ಬಿಟ್ಟೊಂಡು ಕೂದಿತ್ತು. ಪೂಜಗೆ ಬಂದ ಮಕ್ಕೊ ಪೂರ ಗೂಡಿನ ಸುತ್ತ. ಒಬ್ಬ° ಮಾಣಿ ಪೆನ್ಸಿಲು ಹಾಕಿ ಕುತ್ತಿಂಡಿತ್ತಿದ್ದ°.

"ಬೈಕ್ಕಿಲಿ ಒಬ್ಬ° ರಟ್ಟಿನ ಪೆಟ್ಟಿಗೆಲಿ ಹಾಕಿ ತಂದಿತ್ತಿದ್ದ°. ಎರಡು ಸಾವಿರ ಹೇಳಿದ°, ಸಾವಿರದೈನ್ನೂರಕ್ಕೆ ಕೊಟ್ಟ°" ಹೇಳಿದವು ಚಿಕ್ಕಮ್ಮ. ಮತ್ತೆ ಎನ್ನ ಹತ್ತರೆ ಕೇಳಿದವು: "ನಿನಗೆ ಹಕ್ಕಿ ಪಳಗುಸಿ ಗೊಂತಿದ್ದನ್ನೆ. ಇದು ಕೈ ಹಾಕಿರೆ ಕಚ್ಚುತ್ತು, ಬೊಬ್ಬೆ ಹಾಕುತ್ತು. ಎಂತ ಮಾಡೆಕ್ಕು ಹೇಳು."

ಆನು ಬಾಯಿ ಒಡವ ಮದಲೇ ಜೆಗಿಲಿ ಇಡೀ ಉತ್ತರ ಕೊಟ್ಟತ್ತು. "ಎರಡು ದಿನ ಎಂತದೂ ಹಾಕೆಡ, ಹಶು ತಡೆಯದ್ದೆ ಕೈಂದಲೇ ತಿಂಗು" ಹೇಳಿ ಒಂದು ಅತ್ತೆ. "ಬೈರಾಸಿಲಿ ಸುತ್ತಿ ದಿನಾ ಅರ್ಧ ಗಂಟೆ ಕೈಲೇ ಹಿಡ್ಕೊ, ಅಭ್ಯಾಸ ಆವುತ್ತು" ಹೇಳಿ ಇನ್ನೊಂದು ಅತ್ತೆ. "ಮದಾಲು ರೆಕ್ಕೆ ಕತ್ತರಿಸು, ಹಾರ್ಲೆ ಎಡಿಯ ಹೇಳಿ ಗೊಂತಾದ ಮೇಲೆ ತಳಿಯದ್ದೆ ಕೂರ್ತು" ಹೇಳಿ ಅಡಿಗೆ ಬಡುಸಿಂಡಿಪ್ಪವು. "ಕಪ್ಪು ವಸ್ತ್ರ ಮುಚ್ಚಿ ಮಡುಗು, ಅಹಂಕಾರ ಇಳಿತ್ತು" ಹೇಳಿ ಮತ್ತೊಬ್ಬ ಅಕ್ಕ. ಅಂಗೈಯಷ್ಟು ಇಪ್ಪ ಮರಿಗೆ ಅಹಂಕಾರ!

ಆನು ಹೇಳಿದೆ, "ಚಿಕ್ಕಮ್ಮ, ಇದರ ಪಳಗುಸುದು ಹೇಂಗೆ ಹೇಳಿ ಆನು ಹೇಳಿಕೊಡೆ. ಇದು ಕಾಡಿನ ಗಿಳಿ, ಸಾಂಕುಲೇ ಆಗ. ಫಾರೆಸ್ಟು ಆಫೀಸಿಂಗೆ ಕೊಂಡೋಗಿ ಕೊಡುವ, ಆನುದೆ ಬತ್ತೆ." ಜೆಗಿಲಿ ತಣ್ಣಂಗೆ ಆತು. "ಪೂಜೆ ಮನಗೆ ಬಂದು ಕೇಸಿನ ಮಾತಾಡ್ತೆನ್ನೆ ನೀನು" ಹೇಳಿದವು ಚಿಕ್ಕಮ್ಮ. ಮತ್ತೆ ಒಂದು ಮಾತು ಸೇರ್ಸಿದವು: "ಅಜ್ಜನ ಮನೆಲಿ ರಾಮುವ ನಾವು ಹಾಂಗೇ ಅಲ್ಲದೋ ಪಳಗುಸಿದ್ದು? ನೀನೇ ಮುಂದೆ ನಿಂದಿತ್ತಿದ್ದೆ." ಅಂದಿಂದ ಅವರ ಫೋನು ಬೈಂದಿಲ್ಲೆ.

ಚಿಕ್ಕಮ್ಮ ಹೇಳಿದ್ದು ಸತ್ಯ. ಆನೇ ಮುಂದೆ ನಿಂದದು. ಹಾಂಗಾಗಿಯೇ ಇದರ ಬರೆತ್ತಾ ಇಪ್ಪದು.

ಅಜ್ಜನ ಮನೆ ಬೆಳ್ತಂಗಡಿ ತಾಲೂಕಿಲಿ, ಮುಂಡಾಜೆ ಹೊಡೆಲಿ. ಆನು ಆರನೇ ಕ್ಲಾಸಿನ ರಜೆಲಿ ಅಲ್ಲಿತ್ತಿದ್ದೆ. ತೋಟದ ಕರೆಲಿ ತಲೆ ಹೋದ ಒಂದು ತೆಂಗಿನ ಮರ, ಅದರ ಕಡುದಪ್ಪಗ ಪೊಟರೆಲಿ ಮೂರು ಗಿಳಿಮರಿ. ಎರಡು ಬಿದ್ದಲ್ಲೇ ಸತ್ತತ್ತು, ಒಂದು ಒಳುದತ್ತು. ಅಬ್ಬೆ ಅಪ್ಪ° ಗಿಳಿಗೊ ಮೂರು ದಿನ ಮರ ಇದ್ದ ಜಾಗೆಲಿ ಕಿರ್ಚಿಂಡು ಸುತ್ತು ಹಾಕಿದ್ದರ ಆನು ಜಾಲಿಂದ ನೋಡಿದ್ದೆ. ನಾಲ್ಕನೇ ದಿನ ಬೈಂದವಿಲ್ಲೆ. ಎಂಗೊ ಮಕ್ಕೊ ಅದರ ಮರತ್ತು ಮರಿಗೆ ರಾಮು ಹೇಳಿ ಹೆಸರು ಮಡುಗಿದೆಯೊ°.

ರಾಮು ದೊಡ್ಡ ಆದಪ್ಪಗ ಕಚ್ಚುಲೆ ಸುರು ಮಾಡಿತ್ತು. ಹಶು ಹಾಕಿದೆಯೊ°. ಬೈರಾಸಿಲಿ ಸುತ್ತಿದೆಯೊ°. ರೆಕ್ಕೆ ಕತ್ತರುಸುವ ದಿನ ಬೈರಾಸು ಹಿಡ್ಕೊಂಡದು ಆನು, ಕತ್ತರಿ ಹಾಕಿದ್ದು ಸೋದರಮಾವ°. ಅದರ ಎದೆ ಎನ್ನ ಕೈಯೊಳ ಹೇಂಗೆ ಬಡ್ಕೊಂಡಿತ್ತು ಹೇಳಿ ಈಗಳೂ ನೆಂಪಿದ್ದು. ಎಡದ ತೋರು ಬೆರಳಿಂಗೆ ಕಚ್ಚಿದ ಕಲೆದೆ ಇದ್ದು. ಒಂದು ತಿಂಗಳಪ್ಪಗ ಕಚ್ಚುದು ನಿಂದತ್ತು. ಊರವೆಲ್ಲ "ಚೆಂದಕೆ ಪಳಗಿತ್ತು" ಹೇಳಿದವು. ಕೈ ಹಾಕಿಯಪ್ಪಗ ಮೈ ಚಪ್ಪಟೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಅಲುಗದ್ದೆ ಕೂರುಗು. "ಕೊಂಡಾಟ ಮಾಡ್ಸಿಗೊಳ್ತು" ಹೇಳಿ ಎಂಗೊ ನೆಗೆ ಮಾಡಿಂಡಿದ್ದದು. ನಾಲ್ಕು ವರ್ಷ ಹಾಂಗೇ ಇತ್ತು. ಒಂದು ಹೊತ್ತೋಪಗ ಆರೋ ಗೂಡಿನ ಬಾಗಿಲು ಹಾಕಲೆ ಮರದವು. ರಾಮು ಜಾಲಿಂಗೆ ಇಳುದತ್ತು. ಹಾರ್ಲೆ ರೆಕ್ಕೆ ಇಲ್ಲೆ. ಪುಚ್ಚೆ ಕೊಂಡೋತು. "ಅದರ ಆಯುಷ್ಯ ಅಷ್ಟೇ" ಹೇಳಿದವು ದೊಡ್ಡೋರು. ಸಾಂಕಿದ ಗಿಳಿ ಚೆಂದಕೆ ನೋಡಿರೆ ಇಪ್ಪತ್ತು ಇಪ್ಪತ್ತೈದು ವರ್ಷ ಬದ್ಕುತ್ತು ಹೇಳಿ ಎನಗೆ ಗೊಂತಾದ್ದು ಎಷ್ಟೋ ವರ್ಷ ಕಳುದ ಮೇಲೆ.

ಅಂಬಗ ಕೇಳ್ತೆ: ರಾಮು ಪಳಗಿತ್ತೋ, ಅಲ್ಲ ಸೋತತ್ತೋ?

ಗಿಳಿಯ ಕಣ್ಣು ತಲೆಯ ಎರಡು ಹೊಡೆಲಿ ಇಪ್ಪದು, ನಮ್ಮ ಹಾಂಗೆ ಎದುರಿಲಿ ಅಲ್ಲ. ಎಂತಕೆ? ಅದು ಬೇರೆಯವರ ಬಾಯಿಗೆ ಬೀಳುವ ಜೀವ, ಎಲ್ಲಾ ಹೊಡೆಂದ ಬಪ್ಪ ಶತ್ರುವ ಕಾಣೆಕ್ಕು. ಮೇಗಂದ ಇಳುದು ಬಪ್ಪದೆಲ್ಲ ಅದಕ್ಕೆ ಗಿಡುಗನೇ. ನಾವು ಮಾಡುದೆಂತ? ಗೂಡಿನ ಬಾಗಿಲು ತೆಗದು ಮೇಗಂದ ಕೈ ಇಳುಸುತ್ತು. ಓಡ್ಲೆ ಜಾಗೆ ಇಲ್ಲೆ, ಹಾರ್ಲೆ ಎಡಿತ್ತಿಲ್ಲೆ, ಒಳುದ್ದು ಕೊಕ್ಕು ಮಾಂತ್ರ. ಕಚ್ಚುತ್ತು. ಕಚ್ಚಿರೂ ಕೈ ಬಿಡ್ತಿಲ್ಲೆ ಹೇಳಿ ಆದಪ್ಪಗ ಅದುದೆ ಬೇಡ ಹೇಳಿ ಬಿಡ್ತು. ಅಲುಗದ್ದೆ ಕೂರ್ತು. ಹೆದರಿಕೆ ಒಳವೇ ಇರ್ತು, ಹೇಳುದರ ಮಾಂತ್ರ ನಿಲ್ಲುಸುತ್ತು. ನಾವು ಅದಕ್ಕೆ ಪಳಗಿದ್ದು ಹೇಳಿ ಹೆಸರು ಮಡುಗುತ್ತು.

ಇದರ ಓದುವವು ಎಲ್ಲ ಹೆಮ್ಮಕ್ಕೊ, ಹಾಂಗಾಗಿ ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ. ಜೆಂಬರದ ಮನೆಲಿ ಮೂರು ವರ್ಷದ ಕೂಸು ಅಬ್ಬೆಯ ಸೆರಗಿನ ಹಿಂದೆ ಹುಗ್ಗಿಯಪ್ಪಗ, ಎಳದು ತಂದು ಗುರ್ತ ಇಲ್ಲದ್ದವರ ಮೊಟ್ಟೆಲಿ ಕೂರ್ಸಿ "ಕೂಗೆಡ, ಅಜ್ಜ° ಅಲ್ಲದೋ" ಹೇಳ್ತಿಲ್ಲೆಯೋ? ರಜ ಹೊತ್ತು ಕೂಗಿ ಕೂಸು ಸುಮ್ಮನಾವುತ್ತು. "ಅದಾ, ಹೊಂದಿಗೊಂಡತ್ತು" ಹೇಳ್ತು ನಾವು. ಹೊಂದಿಗೊಂಡತ್ತೋ, ಕೂಗಿ ಪ್ರಯೋಜನ ಇಲ್ಲೆ ಹೇಳಿ ಕಲ್ತತ್ತೋ? ಎನಗೆ ಎರಡರ ವ್ಯತ್ಯಾಸ ತೋರ್ಸಿಕೊಟ್ಟದು ಒಂದು ಹಕ್ಕಿ.

ಆ ಹಕ್ಕಿಯ ಶುದ್ದಿ ಹೇಳ್ತೆ. ಕಲ್ಲಡ್ಕದ ಹತ್ತರೆ ಎಂಗಳ ಮನಗೆ ಎರಡು ವರ್ಷ ಹಿಂದೆ ಒಂದು ಕಾಕಟೀಲು ಬಂತು. ಮಗಳ ಗೆಳತಿ ಊರು ಬಿಟ್ಟು ಹೋಪಗ ಕೊಟ್ಟಿಕ್ಕಿ ಹೋದ್ದು. ಕಾಕಟೀಲು ಹೇಳಿರೆ ಆಸ್ಟ್ರೇಲಿಯಾ ಮೂಲದ ಜಾತಿ. ನಮ್ಮಲ್ಲಿ ಮಾರುದು ಗೂಡಿಲೇ ಮರಿ ಆಗಿ ಬೆಳದ್ದರ. ಗಲ್ಲಲ್ಲಿ ಕಿತ್ತಳೆ ಬಣ್ಣದ ಚುಕ್ಕಿ, ಹಾಂಗಾಗಿ ಹೆಸರುದೆ ಚುಕ್ಕಿ. ಗೂಡಿನ ಹತ್ತರೆ ಆರೇ ಹೋದರೂ ಬಡುದು ಬಡುದು ಸರಳಿಂಗೆ ಡಿಕ್ಕಿ ಹೊಡಕ್ಕೊಂಡು ನೆತ್ತರು ಮಾಡಿಗೊಂಬದು. ಅಂಗಡಿಲಿ ಚರ್ಮದ ಕೈಚೀಲ ಹಾಕಿ ಹಿಡಿತ್ತಿತ್ತಿದ್ದವಡ. "ಈ ಹಕ್ಕಿ ಆಗ, ಕೊಟ್ಟುಬಿಡು" ಹೇಳಿ ಎನ್ನ ಮನೆಯವುದೆ ಹೇಳಿದವು. ಎನಗೆ ಬೆರಳಿನ ಕಲೆ ಕಂಡತ್ತು. ಈ ಸರ್ತಿ ಹಿಡಿತ್ತಿಲ್ಲೆ ಹೇಳಿ ಗ್ರೇಶಿದೆ.

ಮದಾಲು ಗೂಡಿಂಗೆ ಜಾಗೆ. ಚಾವಡಿಯ ಮೂಲೆ, ಒಂದು ಹೊಡೆ ಗೋಡೆ, ನಮ್ಮ ಎದೆಯಷ್ಟು ಎತ್ತರ. ನಾಲ್ಕೂ ಹೊಡೆ ಖಾಲಿ ಇದ್ದರೆ ಎಲ್ಲಿಂದ ಆರು ಬಕ್ಕು ಹೇಳಿ ಹಕ್ಕಿಗೆ ನೆಮ್ಮದಿಯೇ ಇರ್ತಿಲ್ಲೆ. ನೆಲಕ್ಕಲ್ಲಿ ಮಡುಗಿರೆ ಎಲ್ಲೋರೂ ಅದಕ್ಕೆ ಮೇಗಂದಲೇ ಬಪ್ಪದು. ಅಟ್ಟುಂಬೊಳ ಖಂಡಿತ ಆಗ. ಒಲೆಯ ಹೊಗೆ ಆಗ ಹೇಳುದು ಒಂದು. ಇನ್ನೊಂದು, ನಾನ್‌ಸ್ಟಿಕ್ ಕಾವಲಿಗೆ ಖಾಲಿ ಕಾದು ಅತಿ ಬೆಶಿ ಆದರೆ ಅದರ ಲೇಪಂದ ಏಳುವ ಹೊಗೆ ಹಕ್ಕಿಯ ನಿಮಿಷಲ್ಲಿ ಕೊಲ್ಲುತ್ತು. ನಮ್ಮ ಕಣ್ಣಿಂಗೆ ಹೊಗೆ ಕಾಂಬದೂ ಇಲ್ಲೆ. ಚುಕ್ಕಿ ಬಂದ ಮೇಲೆ ಎಂಗಳಲ್ಲಿ ಪುನಃ ಕಬ್ಬಿಣದ ಕಾವಲಿಗೆಲೇ ದೋಸೆ.

ಮತ್ತೆ ಹತ್ತು ದಿನ ಆನು ಎಂತದೂ ಮಾಡಿದ್ದಿಲ್ಲೆ. ಕೇಳುವಗ ಸುಲಭ, ಮಾಡ್ಲೆ ಬಂಙ. ಗೂಡಿಂದ ಆರು ಅಡಿ ದೂರ ಮಣೆ ಹಾಕಿ ಕೂದೊಂಡು ಬೆಳ್ಳುಳ್ಳಿ ಸೊಲಿವದು, ಅವಡೆ ಬಿಡುಸುದು. ಮೋರೆ ಅತ್ಲಾಗಿ. ನೇರ ನೋಡ್ಲಾಗ, ಹಿಡಿವಲೆ ಬಪ್ಪ ಪ್ರಾಣಿ ಮಾಂತ್ರ ಹಾಂಗೆ ನೋಡುದು. ಕಾಕಟೀಲಿನ ತಲೆಲಿ ಜುಟ್ಟು ಇರ್ತು, ಮನಸ್ಸು ಅದರಲ್ಲೇ ಕಾಣ್ತು. ನೆಟ್ಟಗೆ ನಿಂದರೆ ಗಾಬರಿ. ತಲಗೆ ಅಂಟಿಸಿಂಡು ಬುಸ್ ಹೇಳಿರೆ ಪಿಸುರು. ಅರ್ಧಕ್ಕೆ ಬಾಗಿ ನಿಂದರೆ ನೆಮ್ಮದಿ. ಜುಟ್ಟು ಇಳುದ ದಿನ ಮಣೆಯ ಒಂದು ಗೇಣು ಮುಂದೆ ತಂದೆ. ನೆಗದರೆ ಹಿಂದೆ. ಆನಿಪ್ಪಗಳೇ ಅದು ಕಾಳು ತಿಂದದು ಹನ್ನೆರಡನೇ ದಿನ. ಒಂಟಿಕಾಲಿಲಿ ನಿಂದು ರೆಕ್ಕೆ ತೀಡಿಗೊಂಡದು ಮೂರನೇ ವಾರ. ಹೆದರಿದ ಹಕ್ಕಿ ಒಂಟಿಕಾಲಿಲಿ ನಿಲ್ಲ.

ಹಶು ಹಾಕಿದ್ದಿಲ್ಲೆ. ಸಣ್ಣ ಹಕ್ಕಿಗೊಕ್ಕೆ ಎರಡು ದಿನದ ಉಪವಾಸ ಹೇಳಿರೆ ಪ್ರಾಣವೇ ಹೋಕು. ಆಹಾರ ಯಾವಾಗಳೂ ಗೂಡಿಲಿ ಇತ್ತು, ಒಂದು ರುಚಿ ವಸ್ತು ಮಾಂತ್ರ ಎನ್ನ ಕೈಲಿ. ಅದು ನವಣೆ. ದಾರಿಲಿ ಹೋಪಗ ನಾಲ್ಕು ಕಾಳು ತಟ್ಟಗೆ ಹಾಕಿಕ್ಕಿ, ನಿಲ್ಲದ್ದೆ ಹೋಪದು. ಕೈ ಬತ್ತು, ಒಳ್ಳೆದು ಕೊಡ್ತು, ಹೋವುತ್ತು. ದಿನಕ್ಕೆ ಹತ್ತು ಸರ್ತಿ. ಒಂದು ತಿಂಗಳಪ್ಪಗ ಎನ್ನ ಸದ್ದು ಕೇಳಿರೆ ತಟ್ಟೆಯ ಹತ್ತರೆ ಬಪ್ಪಲೆ ಸುರು ಮಾಡಿತ್ತು.

ಮತ್ತೆ ಹಿಡಿಸೂಡಿಯ ಒಂದು ಕಡ್ಡಿ. ತೊಳದು, ಕೊಡಿಗೆ ಸಣ್ಣ ಮರದ ಮಣಿ ಸಿಕ್ಕುಸಿದೆ. ಸರಳಿನ ಎಡಕ್ಕಿಲಿ ಕಡ್ಡಿ ತೋರ್ಸುದು, ಚುಕ್ಕಿ ಕೊಕ್ಕಿಲಿ ಮಣಿ ಮುಟ್ಟಿದ ಕೂಡ್ಲೆ "ಒಪ್ಪ!" ಹೇಳುದು, ಒಂದು ಕಾಳು ಕೊಡುದು. "ಒಪ್ಪ" ಹೇಳುವ ಶಬ್ದ ಅದೇ ಕ್ಷಣಕ್ಕೆ ಬರೆಕ್ಕು, ಇಲ್ಲದ್ದರೆ ಎಂತಕೆ ಕಾಳು ಸಿಕ್ಕಿತ್ತು ಹೇಳಿ ಅದಕ್ಕೆ ಗೊಂತಾಗ. ಉದಿಯಪ್ಪಗ ಐದು ನಿಮಿಷ, ಹೊತ್ತೋಪಗ ಐದು ನಿಮಿಷ, ಅಷ್ಟೇ. ಕಡ್ಡಿ ಹೋದಲ್ಲಿಗೆ ಹಕ್ಕಿ ಬತ್ತು. ಬಾಗಿಲ ವರೆಗೆ, ಬಾಗಿಲಿಂದ ಹೆರ, ಹೆರಂದ ಕೋಲಿಂಗೆ, ಕೋಲಿಂದ ಕೈಗೆ. ಹೊಟ್ಟೆಯ ಕೆಳ ಬೆರಳು ಅಡ್ಡ ಹಿಡುದಪ್ಪಗ ತಾನಾಗಿಯೇ ಕಾಲು ಮಡುಗಿದ್ದು ಹನ್ನೊಂದನೇ ವಾರಲ್ಲಿ. ಚಾವಡಿಲಿ ಎಂಗೊ ಇಬ್ರೇ. ಆನು ಉಸುಲು ಬಿಡ್ಲೂ ಹೆದರಿದೆ.

ಇದೆಲ್ಲದರ ಒಳ ಒಂದೇ ಒಂದು ಕಟ್ಟಳೆ. ಹಕ್ಕಿ ಹಿಂದೆ ಹೋತೋ, ಮೈ ಬಿಗಿ ಮಾಡಿತ್ತೋ, ಮೋರೆ ತಿರುಗುಸಿತ್ತೋ, ನಾವು ನಿಲ್ಲೆಕ್ಕು, ಕೈ ಹಿಂದೆ ತೆಗೆಯೆಕ್ಕು. ಅದು "ಬೇಡ" ಹೇಳಿತ್ತು, ನವಗೆ ಕೇಳಿತ್ತು ಹೇಳಿ ಅದಕ್ಕೆ ಗೊಂತಾಯೆಕ್ಕು. ಮೆಲ್ಲಂಗೆ ಬೇಡ ಹೇಳಿಯಪ್ಪಗ ಕೇಳಿರೆ ಕಚ್ಚಿ ಹೇಳುವ ಅಗತ್ಯ ಬತ್ತಿಲ್ಲೆ. ಹಕ್ಕಿ ಕಚ್ಚಿತ್ತು ಹೇಳಿರೆ ಅದರ ಮದಲು ನಾಲ್ಕು ಸರ್ತಿ ಹೇಳಿದ್ದರ ನಾವು ಕೇಳಿದ್ದಿಲ್ಲೆ ಹೇಳಿ ಅರ್ಥ. ಮದ್ದು ಕೊಡ್ಲೆ, ಡಾಕ್ಟ್ರ ಹತ್ತರೆ ಕೊಂಡೋಪಲೆ ಬೈರಾಸಿಲಿ ಹಿಡಿಯೆಕ್ಕಾವುತ್ತು, ಅಪ್ಪು. ಅದು ಪ್ರಾಣ ಒಳುಸುಲೆ. ಕಲುಸುಲೆ ಅಲ್ಲ.

ನಂಬಿಕೆ ಹೋಪಲೆ ಒಂದು ಕ್ಷಣ ಸಾಕು ಹೇಳುದನ್ನೂ ನೋಡಿದೆ. ಐದನೇ ತಿಂಗಳಿಲಿ ಮನಗೆ ಬಂದ ಒಬ್ಬ° ಭಾವ° "ಇಷ್ಟು ಪಾಪದ ಹಕ್ಕಿಯೋ" ಹೇಳಿ ಹಿಂದಂದ ಹಿಡುದವು. ಆರೂ ಎಂತ ಹೇಳುಲೆಡಿಯ, ನೆಂಟ್ರು. ಚುಕ್ಕಿ ಮೂರು ವಾರ ಎನ್ನ ಕೈಗೂ ಬೈಂದಿಲ್ಲೆ. ಪುನಃ ಮಣೆ, ಪುನಃ ಬೆಳ್ಳುಳ್ಳಿ.

ಈಗ ನಿಂಗೊ ಕೇಳುವಿ, "ಇಷ್ಟಕ್ಕೆಲ್ಲ ಪುರ್ಸೊತ್ತು ಆರಿಂಗಿದ್ದು? ಅಡಕ್ಕೆ ಸೊಲಿವಲೆ ಜೆನ ಇಲ್ಲೆ, ಮಕ್ಕಳ ಪರೀಕ್ಷೆ, ಅತ್ತೆಯ ಮದ್ದು." ಎನಗೂ ಅದೆಲ್ಲ ಇದ್ದು. ಆನು ಕೊಟ್ಟದು ಬೇರೆ ಹೊತ್ತು ಅಲ್ಲ, ಬೆಳ್ಳುಳ್ಳಿ ಸೊಲಿವ ಹೊತ್ತಿನ ಅಲ್ಲಿ ಕೂದು ಸೊಲುದ್ದು. ಅಷ್ಟುದೆ ಎಡಿಯದ್ದರೆ ಹಕ್ಕಿ ತಪ್ಪಲಾಗ, ಅದರಲ್ಲಿ ನಾಚಿಕೆ ಎಂತ ಇಲ್ಲೆ. ಹೊತ್ತಿಲ್ಲೆ ಹೇಳಿ ಹಶು ಹಾಕುದು, ರೆಕ್ಕೆ ಕತ್ತರುಸುದು ಮಾಂತ್ರ ನ್ಯಾಯ ಅಲ್ಲ. ನಮ್ಮ ಅವಸರಕ್ಕೆ ಹಕ್ಕಿ ಎಂತಕೆ ಬೆಲೆ ಕೊಡೆಕ್ಕು? ಹೆದರಿದ ಹಕ್ಕಿಗೆ ಇಪ್ಪ ಒಂದೇ ಧೈರ್ಯ ಹಾರ್ಲೆಡಿತ್ತು ಹೇಳುದು. ಅದರ ಕತ್ತರುಸಿರೆ ಹೆದರಿಕೆ ಹೆಚ್ಚಕ್ಕಷ್ಟೆ. ಹಾರುವೆ ಹೇಳಿ ಹೆರಟು ನೆಲಕ್ಕಕ್ಕೆ ಬಿದ್ದು ಎದೆ ಒಡಕ್ಕೊಂಬ ಹಕ್ಕಿಗೊ ಬೇಕಾದಷ್ಟಿದ್ದು.

"ಹಕ್ಕಿಗೆಂತ ಗೊಂತಾವುತ್ತು, ಅದರದ್ದು ಗಿಳಿಪಾಠ" ಹೇಳ್ತವಕ್ಕೆ ಒಂದು ಶುದ್ದಿ. ಅಮೇರಿಕಲ್ಲಿ ಐರಿನ್ ಪೆಪರ್‌ಬರ್ಗ್ ಹೇಳ್ತ ವಿಜ್ಞಾನಿ ಅಕ್ಕ° 1977ರಲ್ಲಿ ಶಿಕಾಗೋದ ಒಂದು ಅಂಗಡಿಂದ ಆಫ್ರಿಕನ್ ಗ್ರೇ ಜಾತಿಯ ಗಿಳಿಯ ತಂದವು. ಹೆಸರು ಅಲೆಕ್ಸ್. 2007ರಲ್ಲಿ ಅದು ಸಾವ ವರೆಗೆ 30 ವರ್ಷ ಅದರೊಟ್ಟಿಂಗೆ ಕೆಲಸ ಮಾಡಿದವು. ನೂರಕ್ಕಿಂತ ಹೆಚ್ಚು ಶಬ್ದ ಕಲ್ತತ್ತು. ಬಣ್ಣ, ಆಕಾರ ಗುರ್ತ ಹಿಡುದು ಹೇಳುಗು, ಸಣ್ಣ ಲೆಕ್ಕ ಮಾಡುಗು. ಪಾಠ ಸಾಕು ಹೇಳಿ ಕಂಡರೆ ಗೂಡಿಂಗೆ ವಾಪಾಸು ಹೋಯೆಕ್ಕು ಹೇಳಿ ಬಾಯಿಬಿಟ್ಟು ಹೇಳುಗು. ಅದಕ್ಕೆ ಹೇಳ್ಲೆ ಶಬ್ದ ಇತ್ತು. ನಮ್ಮ ಮನೆ ಗಿಳಿಗೊಕ್ಕೆ ಶಬ್ದ ಇಲ್ಲೆ, ಹೇಳ್ಲೆ ಇಪ್ಪದು ಅದೇ ಮಾತು.

ಗಾಂಧಾರಿ ಮೆಣಸು ತಿನ್ಸಿರೆ ನಾಲಗೆ ತಿರುಗಿ ಮಾತು ಬತ್ತು ಹೇಳ್ತ ನಂಬಿಕೆದೆ ಇದ್ದನ್ನೆ, ಅದರನ್ನೂ ಹೇಳಿಬಿಡ್ತೆ. ಹಕ್ಕಿಗೊಕ್ಕೆ ಮೆಣಸಿನ ಖಾರ ಗೊಂತೇ ಆವುತ್ತಿಲ್ಲೆ. ಹಾಂಗಾಗಿಯೇ ಅವು ತಿಂದು, ಬಿತ್ತು ಊರಿಡೀ ಹರಡುದು. ಮೆಣಸಿಂದ ತೊಂದರೆ ಇಲ್ಲೆ, ಮಾತುದೆ ಬಾರ. ತೊಂದರೆ ಇಪ್ಪದು ಬೆಣ್ಣೆಹಣ್ಣು, ಚಾಕಲೇಟು, ಕಾಪಿ, ಉಪ್ಪಿನ ತಿಂಡಿಲಿ. ಬೆಣ್ಣೆಹಣ್ಣು ಗಿಳಿಗೆ ವಿಷವೇ. ಬರೀ ಸೂರ್ಯಕಾಂತಿ ಬಿತ್ತು ಹಾಕುದೂ ಆಗ, ಕೊಬ್ಬು ಕಟ್ಟುತ್ತು. ಸೊಪ್ಪು, ಕೇರೆಟ್, ತರಕಾರಿ ತಿಂದು ಕಲಿಯೆಕ್ಕು.

ಇಷ್ಟರ ವರೆಗೆ ಹೇಳಿದ್ದೆಲ್ಲ ಗೂಡಿಲೇ ಹುಟ್ಟಿದ ಹಕ್ಕಿಗೊಕ್ಕೆ. ಲವ್‌ಬರ್ಡ್ಸ್, ಬಜ್ಜಿ, ಕಾಕಟೀಲು, ಹೀಂಗಿಪ್ಪದಕ್ಕೆ. ಅವರ ಹೆರ ಬಿಟ್ಟರೆ ಬದ್ಕ. ಇದ್ದವರ ಚೆಂದಕೆ ನೋಡಿಗೊಂಬದು ನಮ್ಮ ಕರ್ತವ್ಯ. ಮಕಾವ್, ಗ್ರೇ ಹಾಂಗಿಪ್ಪ ದೊಡ್ಡ ಪರದೇಶಿ ಗಿಳಿ ಇದ್ದರೆ ಸರ್ಕಾರದ ಪರಿವೇಶ್ ಜಾಲತಾಣಲ್ಲಿ ದಾಖಲೆ ಮಾಡೆಕ್ಕು ಹೇಳಿ 2024ರಲ್ಲಿ ನಿಯಮದೆ ಬೈಂದು.

ಚಿಕ್ಕಮ್ಮನ ಜೆಗಿಲಿಲಿ ಇಪ್ಪದು ಅದಲ್ಲ. ಅದು ನಮ್ಮ ಗೆದ್ದೆಗೆ ಬಪ್ಪ, ದೊಡ್ಡ ಆದ ಗೆಂಡಿನ ಕೊರಳಿಂಗೆ ಗುಲಾಬಿ ಪಟ್ಟೆ ಬಪ್ಪ ನಮ್ಮ ಊರಿನ ಗಿಳಿ. ಪಟ್ಟೆ ಬಪ್ಪಲೆ ಎರಡು ಮೂರು ವರ್ಷ ಬೇಕು. "ಪಟ್ಟೆ ಇಲ್ಲೆ, ಇದು ಬೇರೆ ಜಾತಿ, ಸಾಂಕುಲಕ್ಕು" ಹೇಳಿ ಮಾರುವವು ಹೇಳುದು ಲೊಟ್ಟೆ. ಚಾರ್ಮಾಡಿ ಹೊಡೆಂದ ಬಪ್ಪ, ರೆಕ್ಕೆಲಿ ನೀಲಿ ಇಪ್ಪ ಗಿಳಿ ಇದ್ದನ್ನೆ, ಅದು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚಲ್ಲಿ ಬೇರೆಲ್ಲಿಯೂ ಇಲ್ಲೆ. ತಲೆ ಕೆಳ ಮಾಡಿ ನೇಲಿಂಡು ಒರಗುವ ಸಣ್ಣ ಗಿಳಿಯೂ ನಮ್ಮ ತೋಟಲ್ಲಿ ಇದ್ದು. ಇದೆಲ್ಲದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ ಆವುತ್ತು. ಹಿಡಿವದು, ಮಾರುದು, ತೆಕ್ಕೊಂಬದು, ಗೂಡಿಲಿ ಮಡುಗುದು, ಎಲ್ಲವೂ ತಪ್ಪು. 2022ರಲ್ಲಿ ಕಾಯ್ದೆಯ ತಿದ್ದಿದ ಮೇಲೆ ಮೂರು ವರ್ಷದ ವರೆಗೆ ಜೈಲು, ಒಂದು ಲಕ್ಷದ ವರೆಗೆ ದಂಡ ಬೀಳ್ಲಕ್ಕು. ಇದರ ಹೆದರ್ಸುಲೆ ಹೇಳಿದ್ದಲ್ಲ. ಸುಮಾರು ಜೆನಕ್ಕೆ ಗೊಂತಿಲ್ಲೆ, ಅದಕ್ಕೆ ಹೇಳಿದ್ದು.

ಕಾಯ್ದೆ ಇಲ್ಲದ್ದರೂ ಆನು ಬೇಡ ಹೇಳುವೆ. ಗಿಳಿಗೊ ತಾವೇ ಗೂಡು ಕಟ್ಟುತ್ತವಿಲ್ಲೆ. ಮರಕುಟುಕ ಹಕ್ಕಿ ಕೊರದು ಬಿಟ್ಟ ಪೊಟರೆಯೋ, ತಲೆ ಹೋದ ತೆಂಗಿನ ಮರವೋ ಸಿಕ್ಕೆಕ್ಕು. ಒಂದು ಜೋಡಿ ವರ್ಷಕ್ಕೆ ಹೆಚ್ಚಾಗಿ ಒಂದೇ ಸರ್ತಿ ಮರಿ ಮಾಡುದು. ರಟ್ಟಿನ ಪೆಟ್ಟಿಗೆಯವ° ಬಂದು ಕೈ ಹಾಕಿರೆ ಆ ವರ್ಷದ ಸಂಸಾರವೇ ಹೋತು. ಕಣ್ಣು ಬಿಡದ್ದ ಮರಿಗೊ ದಾರಿಲೇ ಸಾಯ್ತವು. ಚಿಕ್ಕಮ್ಮ ಸಾವಿರದೈನ್ನೂರು ಕೊಟ್ಟದು ಒಂದು ಮರಿಗೆ ಅಲ್ಲ, ಬಪ್ಪ ವರ್ಷ ಪುನಃ ಮರ ಹತ್ತುಲೆ ಅವಂಗೆ ಕೊಟ್ಟ ಮುಂಗಡ.

"ಕಾಡಿಲಿದ್ದರೆ ಗಿಡುಗ ತಿಂಗು, ನಮ್ಮಲ್ಲಿ ಸುಖಲ್ಲಿ ಇಕ್ಕು" ಹೇಳ್ತವು. ರಾಮುವ ತಿಂದದು ಗಿಡುಗ ಅಲ್ಲ. "ಗೆದ್ದೆಯ ಬತ್ತ ಹಾಳು ಮಾಡ್ತು, ಪೇರಳೆ ಒಳುಶುತ್ತಿಲ್ಲೆ" ಹೇಳ್ತವು. ಅಪ್ಪು, ಮಾಡ್ತು. ಎಂಗಳ ಪೇರಳೆ ಮರಲ್ಲಿ ಕೊಡಿಯಾಣದ್ದೆಲ್ಲ ಅವರ ಪಾಲೇ. ಬತ್ತ ತಿಂದದಕ್ಕೆ ಡಬ್ಬಿ ಬಡಿವ. ಮರಿ ಕದ್ದು ಗೂಡಿಲಿ ಹಾಕಿ ರಾಮ ರಾಮ ಹೇಳುಸಿ ಬತ್ತದ ಸಾಲ ತೀರುತ್ತೋ?

ಹಾಂಗಾಗಿ ಕಾಡಿನ ಮರಿಯ ಪಳಗುಸುದು ಹೇಂಗೆ ಹೇಳಿ ಕೇಳಿರೆ ಎನ್ನ ಹತ್ತರೆ ಉತ್ತರ ಇಲ್ಲೆ ಹೇಳಿ ಅಲ್ಲ, ಕೊಡೆ. ಆ ಮರಿಗೆ ನಮ್ಮ ಮೇಲೆ ಹೆದರಿಕೆ ಇರೆಕ್ಕು. ಅದೇ ಅದರ ಒಳುಸುದು. ಹೆದರಿಕೆ ಪೂರ ತೆಗದ ಮೇಲೆ ಅದಕ್ಕೆ ವಾಪಾಸು ಹೋಪ ದಾರಿ ಇಲ್ಲೆ. ಹೇಳಿಂಡು ಈಗಳೇ ಗೂಡಿನ ಬಾಗಿಲು ತೆಗದು ಹಾರ್ಸಿಬಿಡ್ಲಾಗ. ಆಹಾರ ಹುಡ್ಕುಲೆ ಅಬ್ಬೆ ಕಲುಶಿದ್ದಿಲ್ಲೆ, ಕಾಕೆ ಪುಚ್ಚೆಗಳ ಕೈಗೆ ಸಿಕ್ಕುಗು. ಬಂಟ್ವಾಳಲ್ಲಿ, ಬೆಳ್ತಂಗಡಿಲಿ, ಮೂಡುಬಿದಿರೆಲಿ ವಲಯ ಅರಣ್ಯಾಧಿಕಾರಿಯ ಆಫೀಸು ಇದ್ದು. ಮದಾಲು ಫೋನು ಮಾಡಿ, ಗಾಳಿ ಹೋಪ ಪೆಟ್ಟಿಗೆಲಿ ಕೊಂಡೋಗಿ ಕೊಡುದು ಸರಿ.

ಚಿಕ್ಕಮ್ಮ, ನಿಂಗೊ ಇದರ ಓದುವಿ ಹೇಳಿ ಗೊಂತಿದ್ದು. ಪೂಜೆಯ ದಿನ ನಾಲ್ಕು ಜೆನರ ಎದುರು ಹೇಳಿದ್ದು ಎನ್ನ ತಪ್ಪು. ಅಟ್ಟುಂಬೊಳಕ್ಕೆ ದಿನುಗೇಳಿ ಹೇಳೆಕ್ಕಿತ್ತು. ಅದಕ್ಕೆ ಕ್ಷಮೆ ಕೇಳ್ತೆ. ಹೇಳಿದ ಮಾತಿಂಗೆ ಕೇಳ್ತಿಲ್ಲೆ. ರಾಮುವಿಂಗೆ ಬೈರಾಸು ಹಿಡ್ಕೊಂಡ ಕೈ ಎನ್ನದು, ನಿಂಗೊ ಅಂದು ಬಾಗಿಲ ಹತ್ತರೆ ನಿಂದು "ಪಾಪ, ಬಿಡಿ" ಹೇಳಿತ್ತಿದ್ದಿ. ಎನಗೆ ನೆಂಪಿದ್ದು, ನಿಂಗೊಗೆ ಇದ್ದೋ ಇಲ್ಲೆಯೋ. ಅಂದು ಆರೂ ಕೇಳಿದ್ದವಿಲ್ಲೆ.

ಬಪ್ಪ ಶೆನಿವಾರ ಆನು ಮೂಡುಬಿದಿರೆಗೆ ಬತ್ತೆ, ಉದಿಯಪ್ಪಗಾಣ ಬಸ್ಸಿಲಿ. ನಾವು ಇಬ್ರೂ ಒಟ್ಟಿಂಗೆ ಹೋಪ°. ಮರಿಗೆ ಅಷ್ಟರ ವರೆಗೆ ಗೂಡಿನ ಒಂದು ಹೊಡೆ ಗೋಡೆಗೆ ತಾಗುಸಿ ಮಡುಗಿ, ಮಕ್ಕಳ ಹತ್ತರೆ ಬಿಡೆಡಿ, ನೀರು ತಪ್ಪುಸೆಡಿ. ಕಪ್ಪು ವಸ್ತ್ರ ಬೇಡ. ಕೈ ಹಾಕೆಡಿ. ಕಚ್ಚಿರೆ ಕಚ್ಚಲಿ.